ಪಿಸಿ ಫಾರ್ಮ್ಯಾಟ್ ಮಾಡುವ ಮುನ್ನ: ಯಂತ್ರ, ರೋಬೋಟ್‌ಗಳ ಸಾಫ್ಟ್‌ವೇರ್ ಲೈಸೆನ್ಸ್ ನೋಡಿಕೊಳ್ಳುವ ಬಗೆ

ಪುಣೆಯ ಭೋಸರಿ, ಚಾಕಣ, ತಳೇಗಾಂವ್, ರಾಂಜಣಗಾಂವ್ ಕಡೆಯ ಕಾರ್ಖಾನೆಗಳಲ್ಲಿ ಮೇಂಟೆನನ್ಸ್, ಆಟೊಮೇಶನ್ ಕೆಲಸಕ್ಕಿರುವ ನಮ್ಮವರು ಕಡಿಮೆಯೇನಲ್ಲ. ಬೆಳಗಾವಿ, ಚಿಕ್ಕೋಡಿ, ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ ಬಂದವರೇ ಹೆಚ್ಚು. ಅವರಿಂದ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ: “ಸರ, ಐಟಿಯವ್ರು ಪಿಸಿ ಫಾರ್ಮ್ಯಾಟ್ ಮಾಡ್ಯಾರ, ಪಿಎಲ್‌ಸಿ ಸಾಫ್ಟ್‌ವೇರ್ ಲೈಸೆನ್ಸ್ ಹೋಗೇತಿ. ವಾಪಸ್ ಹೆಂಗ ತರೂದ್ರಿ?”

ಪಿಎಲ್‌ಸಿ ಎಂದರೆ ಯಂತ್ರವನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿದ ಮೇಲೆ ಈ ಪ್ರಶ್ನೆ ಇನ್ನೂ ಹೆಚ್ಚಾಗಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಶಾಪ್ ಫ್ಲೋರಿನ ಹಳೆಯ ಪಿಸಿಗಳಲ್ಲಿ ಅದು ಇರುವುದಿಲ್ಲ. ಐಟಿಯವರು ಬಂದು ಹಳೆಯದನ್ನು ಎತ್ತುತ್ತಾರೆ, ಹೊಸದನ್ನು ಇಡುತ್ತಾರೆ, ಹೋಗುತ್ತಾರೆ. ಲಕ್ಷಗಟ್ಟಲೆ ಬೆಲೆಯ ಲೈಸೆನ್ಸ್ ಹಳೆಯ ಹಾರ್ಡ್‌ಡಿಸ್ಕ್ ಜೊತೆ ಗುಜರಿ ಸೇರುತ್ತದೆ.

ಕಳೆದುಹೋದ ಲೈಸೆನ್ಸ್ ಹುಡುಕುವ ಕಷ್ಟಕ್ಕಿಂತ ಕಳೆಯದ ಹಾಗೆ ಇಟ್ಟುಕೊಳ್ಳುವುದು ಬಹಳ ಸುಲಭ. ಅದಕ್ಕೆ ಪ್ರತಿ ಲೈಸೆನ್ಸ್ ಬಗ್ಗೆ ಎರಡು ಸಂಗತಿ ಗೊತ್ತಿರಬೇಕು: ಅದು ಯಾವುದಕ್ಕೆ ಕಟ್ಟಿಕೊಂಡಿದೆ, ಮತ್ತು ಯಾರ ಹೆಸರಿನಲ್ಲಿದೆ. ಮುಂದಿನ ಹಂತಗಳೆಲ್ಲ ಈ ಎರಡರ ಸುತ್ತಲೇ ತಿರುಗುತ್ತವೆ.

ಶುರು ಮಾಡಲು ಬೇಕಾದದ್ದು ಒಂದು ಎಕ್ಸೆಲ್ ಹಾಳೆ, ಪ್ರತಿ ಪಿಸಿಯ ಅಡ್ಮಿನ್ ಪಾಸ್‌ವರ್ಡ್, ಪರ್ಚೇಸ್ ವಿಭಾಗದಿಂದ ಹಳೆಯ ಇನ್‌ವಾಯ್ಸ್‌ಗಳ ಪ್ರತಿ, ಮತ್ತು ಐಟಿಯವರ ಜೊತೆ ಒಂದು ಗಂಟೆ ಕೂತು ಮಾತಾಡುವ ತಾಳ್ಮೆ. ಕೊನೆಯದೇ ಕಷ್ಟದ್ದು.

ಹಂತ 1: ಶಾಪ್ ಫ್ಲೋರಿನಲ್ಲಿ ಒಂದು ಸುತ್ತು ಹಾಕಿ ಪಟ್ಟಿ ಮಾಡಿ

ಟೇಬಲ್ ಮುಂದೆ ಕೂತು ನೆನಪಿನಿಂದ ಪಟ್ಟಿ ಬರೆಯಬೇಡಿ. ಪ್ರತಿ ಲೈನಿಗೆ ಹೋಗಿ ಪ್ಯಾನೆಲ್ ಬಾಗಿಲು ತೆಗೆದು ನೋಡಿ. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಲ್ಯಾಪ್‌ಟಾಪ್, ಎಚ್‌ಎಂಐ ಪರದೆ, ಸ್ಕಾಡಾ ಪಿಸಿ, ರೋಬೋಟ್ ಕಂಟ್ರೋಲರ್, ವಿಷನ್ ಕ್ಯಾಮೆರಾ, ಬಾರ್‌ಕೋಡ್ ಟ್ರೇಸಬಿಲಿಟಿ ಪಿಸಿ, ಸಿಎನ್‌ಸಿ, ಇವುಗಳಲ್ಲಿ ಬಹುತೇಕ ಎಲ್ಲದರಲ್ಲೂ ಏನಾದರೊಂದು ಲೈಸೆನ್ಸ್ ಇರುತ್ತದೆ. ಎಚ್‌ಎಂಐ ಎಂದರೆ ಆಪರೇಟರ್ ಮುಟ್ಟುವ ಪರದೆ. ಸಿಎನ್‌ಸಿ ಎಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ, ಕೊರೆಯುವ ಯಂತ್ರ. ಸ್ಕಾಡಾ ಎಂದರೆ ಹಲವು ಯಂತ್ರಗಳ ಸ್ಥಿತಿಯನ್ನು ಒಂದೇ ಕಡೆ ತೋರಿಸಿ ದಾಖಲಿಸುವ ವ್ಯವಸ್ಥೆ.

ಹಾಳೆಯಲ್ಲಿ ಈ ಕಾಲಂಗಳಿರಲಿ: ಯಂತ್ರದ ಅಸೆಟ್ ನಂಬರ್, ಸಾಫ್ಟ್‌ವೇರ್ ಹೆಸರು ಮತ್ತು ಆವೃತ್ತಿ, ಲೈಸೆನ್ಸ್ ಸೀರಿಯಲ್ ನಂಬರ್, ಯಾವುದಕ್ಕೆ ಕಟ್ಟಿದೆ, ಯಾವ ಇಮೇಲ್ ಖಾತೆಯಲ್ಲಿದೆ, ಇನ್‌ವಾಯ್ಸ್ ನಂಬರ್, ಮುಗಿಯುವ ದಿನಾಂಕ, ಸರ್ಟಿಫಿಕೇಟ್ ಕಾಗದ ಎಲ್ಲಿದೆ.

ಇಲ್ಲೇ ಒಂದು ವ್ಯತ್ಯಾಸ ಗುರುತಿಸಿಕೊಳ್ಳಿ. ಎಂಜಿನಿಯರಿಂಗ್ ಲೈಸೆನ್ಸ್ ಪ್ರೋಗ್ರಾಂ ಬರೆಯಲು, ತಿದ್ದಲು. ರನ್‌ಟೈಮ್ ಲೈಸೆನ್ಸ್ ಆ ಪ್ರೋಗ್ರಾಂ ದಿನವೂ ಓಡಲು. ಎಂಜಿನಿಯರಿಂಗ್ ಲೈಸೆನ್ಸ್ ಹೋದರೆ ನಿಮ್ಮ ಕೆಲಸ ನಿಲ್ಲುತ್ತದೆ, ರನ್‌ಟೈಮ್ ಹೋದರೆ ಲೈನ್ ನಿಲ್ಲುತ್ತದೆ. ರನ್‌ಟೈಮ್ ಸಾಲುಗಳಿಗೆ ಕೆಂಪು ಬಣ್ಣ ಹಾಕಿಡಿ.

ಹಂತ 2: ಪ್ರತಿಯೊಂದೂ ಯಾವುದಕ್ಕೆ ಕಟ್ಟಿದೆ ಎಂದು ಪತ್ತೆ ಮಾಡಿ

ಇದು ಇಡೀ ಕೆಲಸದ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು, ಪಿಸಿಗೆ ಕಟ್ಟಿದ್ದು. ಇದನ್ನು ನೋಡ್-ಲಾಕ್ಡ್ ಎನ್ನುತ್ತಾರೆ. ಪಿಸಿಯ ಗುರುತಾಗಿ ಸಾಫ್ಟ್‌ವೇರ್ ಒಂದು ಹೋಸ್ಟ್ ಐಡಿಯನ್ನು ಓದುತ್ತದೆ. ಅದು ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸವಾಗಿರಬಹುದು, ಡಿಸ್ಕಿನ ಸೀರಿಯಲ್ ನಂಬರ್ ಆಗಿರಬಹುದು. ಪಿಎಲ್‌ಸಿ ತಯಾರಿಸುವ ರಾಕ್‌ವೆಲ್ ಕಂಪನಿಯ ಫ್ಯಾಕ್ಟರಿಟಾಕ್ ಆ್ಯಕ್ಟಿವೇಶನ್ ಈ ಬಗೆಯದ್ದು. ಇಲ್ಲಿ ಜನ ಎಡವುವುದು ಒಂದೇ ಕಡೆ: ಆ್ಯಕ್ಟಿವೇಟ್ ಮಾಡುವಾಗ ಪಟ್ಟಿಯಲ್ಲಿ ನಾಲ್ಕೈದು ಹೋಸ್ಟ್ ಐಡಿ ಕಾಣುತ್ತವೆ, ಅವಸರದಲ್ಲಿ ಮೊದಲನೆಯದನ್ನೇ ಒತ್ತುತ್ತಾರೆ. ಅದು ಆ ಹೊತ್ತಿಗೆ ಚುಚ್ಚಿದ್ದ ಯುಎಸ್‌ಬಿ-ಲ್ಯಾನ್ ಅಡಾಪ್ಟರಿನದ್ದಾಗಿದ್ದರೆ, ಆ ಅಡಾಪ್ಟರ್ ಬೇರೆಯವರ ಬ್ಯಾಗ್ ಸೇರಿದ ದಿನ ಲೈಸೆನ್ಸೂ ಹೋಯಿತು. ಲ್ಯಾಪ್‌ಟಾಪಿನ ಒಳಗೇ ಇರುವ ನೆಟ್‌ವರ್ಕ್ ಕಾರ್ಡ್ ಅಥವಾ ಡಿಸ್ಕ್ ಆರಿಸಿ. ವಿಂಡೋಸ್‌ನಲ್ಲಿ ವೈ-ಫೈ ವಿಳಾಸವನ್ನು ಆಗಾಗ ಬದಲಾಯಿಸುವ ಗೌಪ್ಯತೆಯ ಆಯ್ಕೆ ಇದೆ. ವೈ-ಫೈಗೆ ಕಟ್ಟಲೇಬೇಕಾದರೆ ಅದನ್ನು ಆಫ್ ಮಾಡಿಡಿ.

ವರ್ಚುವಲ್ ಮೆಷಿನ್ ಬಳಸುವವರಿಗೂ ಇದೇ ಎಚ್ಚರಿಕೆ. ವರ್ಚುವಲ್ ಮೆಷಿನ್ ಎಂದರೆ ಒಂದು ಪಿಸಿಯೊಳಗೆ ಫೈಲ್ ರೂಪದಲ್ಲಿ ಓಡುವ ಇನ್ನೊಂದು ಪಿಸಿ. ವಿಎಂವೇರ್‌ನಲ್ಲಿ ಅದನ್ನು ಬೇರೆ ಕಡೆ ಒಯ್ದು ತೆರೆದಾಗ “ಸರಿಸಿದ್ದೀರಾ, ನಕಲು ಮಾಡಿದ್ದೀರಾ” ಎಂದು ಕೇಳುತ್ತದೆ. ನಕಲು ಎಂದು ಒತ್ತಿದರೆ ಹೊಸ ಗುರುತು, ಹೊಸ ಮ್ಯಾಕ್ ವಿಳಾಸ ಕೊಡುತ್ತದೆ. ಲೈಸೆನ್ಸ್ ಅದನ್ನು ಬೇರೆ ಪಿಸಿ ಎಂದೇ ತಿಳಿಯುತ್ತದೆ.

ಎರಡನೆಯದು, ಕೀಲಿಯಾಗಿ ಡಿಸ್ಕಿನಲ್ಲೇ ಕೂರುವುದು. ಸೀಮೆನ್ಸ್‌ನ ಆಟೊಮೇಶನ್ ಲೈಸೆನ್ಸ್ ಮ್ಯಾನೇಜರ್ ಇದಕ್ಕೆ ಒಳ್ಳೆಯ ಉದಾಹರಣೆ. ಲೈಸೆನ್ಸ್ ಕೀ ಯುಎಸ್‌ಬಿ ಸ್ಟಿಕ್‌ನಲ್ಲಿ ಬರುತ್ತದೆ, ಅದನ್ನು ಪಿಸಿಗೆ ವರ್ಗಾಯಿಸುತ್ತೀರಿ. ವರ್ಗಾಯಿಸಿದ ಮೇಲೆ ಸ್ಟಿಕ್ ಖಾಲಿ. ಕೀ ಒಂದೇ ಕಡೆ ಇರಬಲ್ಲದು. ಡ್ರೈವಿನ ಅಡಗಿಸಿದ ಫೋಲ್ಡರಿನಲ್ಲಿ ಅದು ಕೂತಿರುತ್ತದೆ. ಆ ಫೋಲ್ಡರನ್ನು ಕಾಪಿ ಮಾಡಿಟ್ಟುಕೊಂಡರೆ ಪ್ರಯೋಜನವಿಲ್ಲ, ಡಿಸ್ಕಿನ ಇಮೇಜ್ ತೆಗೆದು ಹೊಸ ಡಿಸ್ಕಿಗೆ ಹಾಕಿದರೂ ಕೀ ಕೆಲಸ ಮಾಡುವುದಿಲ್ಲ. ಫಾರ್ಮ್ಯಾಟ್ ಮಾಡಿದರಂತೂ ಮುಗಿಯಿತು. ಬ್ಯಾಕಪ್ ಇದೆ, ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳುವ ಐಟಿಯವರಿಗೆ ಇದನ್ನು ಮೊದಲೇ ತಿಳಿಸಿ.

ಮೂರನೆಯದು ಡಾಂಗಲ್, ಅಂದರೆ ಲೈಸೆನ್ಸ್ ಅಡಗಿರುವ ಯುಎಸ್‌ಬಿ ತುಂಡು. ನಾಲ್ಕನೆಯದು ಫ್ಲೋಟಿಂಗ್, ಹಲವರು ಹಂಚಿಕೊಳ್ಳುವಂಥದ್ದು. ಇವೆರಡಕ್ಕೂ ಮುಂದೆ ಬೇರೆ ಹಂತಗಳಿವೆ.

ಐದನೆಯದು, ಕಂಟ್ರೋಲರಿಗೆ ಕಟ್ಟಿದ್ದು. ರೋಬೋಟ್‌ಗಳಲ್ಲಿ ವಿಷನ್, ಕನ್ವೇಯರ್ ಟ್ರ್ಯಾಕಿಂಗ್‌ನಂಥ ಆಯ್ಕೆಗಳು ಆ ಕಂಟ್ರೋಲರಿನ ಸೀರಿಯಲ್ ನಂಬರಿಗೆ ಕೊಟ್ಟ ಕೋಡ್‌ನಿಂದ ತೆರೆದುಕೊಳ್ಳುತ್ತವೆ. ಸೀಮೆನ್ಸ್‌ನ ಸಿನುಮೆರಿಕ್ 840ಡಿ ಎಸ್‌ಎಲ್ ಸಿಎನ್‌ಸಿಯಲ್ಲಿ ಲೈಸೆನ್ಸ್ ಕಟ್ಟಿರುವುದು ಒಳಗಿನ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ ನಂಬರಿಗೆ. ಕಾರ್ಡ್ ಕೆಟ್ಟಿತೆಂದು ಅಂಗಡಿಯಿಂದ ಬೇರೆ ಕಾರ್ಡ್ ತಂದು ಹಾಕಿದರೆ ಯಂತ್ರ ಆನ್ ಆದರೂ ಲೈಸೆನ್ಸ್ ಇಲ್ಲವೆಂದು ಹೇಳುತ್ತದೆ. ಈ ನಂಬರುಗಳನ್ನು ಇವತ್ತೇ, ಯಂತ್ರ ಓಡುತ್ತಿರುವಾಗಲೇ, ಪರದೆಯ ಫೋಟೊ ಹೊಡೆದಿಟ್ಟುಕೊಳ್ಳಿ.

ಆರನೆಯದು ಯಾವುದಕ್ಕೂ ಕಟ್ಟದ, ಬರೀ ಕಾಗದದ ಲೈಸೆನ್ಸ್. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮೋಸದ್ದು. ಸೀಮೆನ್ಸ್‌ನ ಎಸ್7-1500 ಪಿಎಲ್‌ಸಿಯಲ್ಲಿ ಓಪಿಸಿ ಯುಎ ಸರ್ವರ್ ಆನ್ ಮಾಡಬೇಕೆಂದರೆ ಸಿಪಿಯು ಪ್ರಾಪರ್ಟೀಸ್‌ನಲ್ಲಿ “ಖರೀದಿಸಿದ ಲೈಸೆನ್ಸ್ ಯಾವುದು” ಎಂದು ಒಂದು ಆಯ್ಕೆ ಬರುತ್ತದೆ. ಓಪಿಸಿ ಯುಎ ಎಂದರೆ ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದೇ ಭಾಷೆಯಲ್ಲಿ ಮಾಹಿತಿ ಕೊಡುವ ಪದ್ಧತಿ. ಅಲ್ಲಿ ಆರಿಸಿದರೆ ಸಾಕು, ಕಂಪೈಲ್ ಆಗುತ್ತದೆ, ಓಡುತ್ತದೆ. ಕೀ ಕೇಳುವುದಿಲ್ಲ. ಆದ್ದರಿಂದ ಯಾರೂ ಕೊಳ್ಳುವುದೂ ಇಲ್ಲ! ಸಾಫ್ಟ್‌ವೇರ್ ಕಂಪನಿಯ ಆಡಿಟ್ ಬಂದಾಗ ಕೇಳುವುದು ಸರ್ಟಿಫಿಕೇಟನ್ನು.

ಇನ್ನು ಟ್ಯಾಗ್ ಲೆಕ್ಕ. ಸ್ಕಾಡಾ ರನ್‌ಟೈಮ್‌ಗಳನ್ನು ಹಲವು ಕಂಪನಿಗಳು ಟ್ಯಾಗ್ ಸಂಖ್ಯೆಯ ಮೇಲೆ ಮಾರುತ್ತವೆ: 128, 512, 2048 ಹೀಗೆ. ಪಿಎಲ್‌ಸಿಯಿಂದ ಓದುವ ಪ್ರತಿ ಮೌಲ್ಯ ಒಂದು ಟ್ಯಾಗ್. ಸೀಮೆನ್ಸ್‌ನ ಸ್ಕಾಡಾ ಆದ ವಿನ್‌ಸಿಸಿಯಲ್ಲಿ ಒಳಗಿನ ಟ್ಯಾಗ್‌ಗಳು ಲೆಕ್ಕಕ್ಕೆ ಬರುವುದಿಲ್ಲ, ಪಿಎಲ್‌ಸಿಗೆ ಜೋಡಿಸಿದವು ಮಾತ್ರ ಬರುತ್ತವೆ. ಲೈನಿಗೆ ಇನ್ನೊಂದು ಸ್ಟೇಷನ್ ಸೇರಿಸುವ ಮುಂಚೆ ಎಷ್ಟು ಉಳಿದಿದೆ ನೋಡಿಕೊಳ್ಳಿ.

ಹಂತ 3: ಯಾರ ಹೆಸರಿನಲ್ಲಿದೆ?

ಹೊಸ ಲೈನ್ ಹಾಕುವಾಗ ಸಾಮಾನ್ಯವಾಗಿ ಸಿಸ್ಟಮ್ ಇಂಟಿಗ್ರೇಟರ್, ಅಂದರೆ ಯಂತ್ರಗಳನ್ನು ಜೋಡಿಸಿ ಪ್ರೋಗ್ರಾಂ ಮಾಡಿಕೊಡುವ ಕಂಪನಿ, ಸಾಫ್ಟ್‌ವೇರನ್ನೂ ತಾನೇ ಕೊಂಡು ಹಾಕುತ್ತದೆ. ಹಣ ನಿಮ್ಮದು, ನೋಂದಣಿ ಅವರ ಹೆಸರಿನಲ್ಲಿ. ಇನ್ನೂ ಕೆಟ್ಟದ್ದೆಂದರೆ ಅಲ್ಲಿ ಕಮಿಷನಿಂಗ್‌ಗೆ, ಅಂದರೆ ಲೈನ್ ಚಾಲೂ ಮಾಡಿಕೊಡಲು, ಬಂದಿದ್ದ ಹುಡುಗನ ಸ್ವಂತ ಜಿಮೇಲ್‌ನಲ್ಲಿ. ಎರಡು ವರ್ಷದ ನಂತರ ಆತ ಬೆಂಗಳೂರಿಗೋ ದುಬೈಗೋ ಹೋಗಿರುತ್ತಾನೆ. ಓಟಿಪಿ ಅವನ ಫೋನಿಗೆ ಹೋಗುತ್ತದೆ.

ಆದ್ದರಿಂದ ಪಿಓ, ಅಂದರೆ ಖರೀದಿ ಆದೇಶದಲ್ಲೇ ಬರೆಸಿ: ಎಲ್ಲ ಲೈಸೆನ್ಸ್ ಅಂತಿಮ ಬಳಕೆದಾರ ಕಂಪನಿಯ ಹೆಸರಿನಲ್ಲೇ ನೋಂದಣಿಯಾಗಬೇಕು; ಸರ್ಟಿಫಿಕೇಟ್, ಡಾಂಗಲ್, ಖಾಲಿ ಯುಎಸ್‌ಬಿ ಸ್ಟಿಕ್ ಸಮೇತ ಒಪ್ಪಿಸಬೇಕು; ಕೊನೆಯ ಕಂತು ಅದಾದ ಮೇಲೆಯೇ. ನೋಂದಣಿಗೆ ವ್ಯಕ್ತಿಯ ಇಮೇಲ್ ಬೇಡ. ಲೈಸೆನ್ಸ್ ವ್ಯವಹಾರಕ್ಕೆಂದೇ ಒಂದು ಸಾಮಾನ್ಯ ಇಮೇಲ್ ಖಾತೆ ಮಾಡಿಸಿ, ಇಬ್ಬರಿಗೆ ಪ್ರವೇಶ ಕೊಡಿ. ಹಳೆಯವು ಇಂಟಿಗ್ರೇಟರ್ ಹೆಸರಿನಲ್ಲಿದ್ದರೆ ವರ್ಗಾವಣೆಗೆ ಈಗಲೇ ಪತ್ರ ಬರೆಯಿರಿ. ಆ ಕಂಪನಿ ನಡೆಯುತ್ತಿರುವಾಗ ಇದು ಒಂದು ಸಹಿಯ ಕೆಲಸ. ಮುಚ್ಚಿದ ಮೇಲೆ ಯಾರ ಸಹಿ ಹಾಕಿಸುತ್ತೀರಿ?

ಟ್ರಯಲ್ ಬಗ್ಗೆಯೂ ಕಣ್ಣಿಡಿ. ಸೀಮೆನ್ಸ್ ಪಿಎಲ್‌ಸಿಗೆ ಪ್ರೋಗ್ರಾಂ ಬರೆಯುವ ಟಿಐಎ ಪೋರ್ಟಲ್ 21 ದಿನ ಟ್ರಯಲ್‌ನಲ್ಲಿ ಓಡುತ್ತದೆ. ಇಗ್ನಿಶನ್ ಸ್ಕಾಡಾ ಎರಡು ಗಂಟೆ ಓಡಿ ನಿಲ್ಲುತ್ತದೆ, ಮತ್ತೆ ರೀಸೆಟ್ ಮಾಡಿದರೆ ಇನ್ನೆರಡು ಗಂಟೆ. ರಾಸ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರನ್ನು ಪಿಎಲ್‌ಸಿಯಾಗಿ ಬಳಸಲು ಹಾಕುವ ಕೋಡೆಸಿಸ್ ಕೂಡ ಲೈಸೆನ್ಸ್ ಇಲ್ಲದೆ ಎರಡು ಗಂಟೆಯಷ್ಟೇ. ಕಮಿಷನಿಂಗ್ ಪರೀಕ್ಷೆ ಒಂದೂವರೆ ಗಂಟೆಯದ್ದಾದರೆ ಟ್ರಯಲ್‌ನಲ್ಲೇ ಪಾಸಾಗಿಬಿಡುತ್ತದೆ. ಒಪ್ಪಿಕೊಳ್ಳುವ ಮುಂಚೆ ಲೈಸೆನ್ಸ್ ಪರದೆ ತೆರೆಸಿ, ನೀವೇ ನೋಡಿ.

ಹಂತ 4: ಪಿಸಿ ಬದಲಾಯಿಸುವ ದಿನ

ಪಿಂಪ್ರಿ-ಚಿಂಚವಡ, ಭೋಸರಿ, ಚಾಕಣದಲ್ಲಿ ಕಾರ್ಖಾನೆಗಳಿಗೆ ಗುರುವಾರ ರಜೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ: ಲೈನ್ ಬಂದ್, ಆದರೆ ಸಾಫ್ಟ್‌ವೇರ್ ಕಂಪನಿಯ ಹೆಲ್ಪ್‌ಡೆಸ್ಕ್ ಚಾಲೂ. ಭಾನುವಾರ ಇಟ್ಟುಕೊಂಡರೆ ಮಧ್ಯದಲ್ಲಿ ಸಿಕ್ಕಿಬಿದ್ದಾಗ ಫೋನ್ ಎತ್ತುವವರಿರುವುದಿಲ್ಲ. ಗುರುವಾರಕ್ಕೂ ಒಂದು ತೊಡಕುಂಟು, ಮಹಾವಿತರಣದವರು ದುರಸ್ತಿಗೆಂದು ಕರೆಂಟ್ ತೆಗೆಯುವುದೂ ಅದೇ ದಿನ. ಲೈಸೆನ್ಸ್ ಹಳೆಯ ಪಿಸಿಯಿಂದ ಹೊರಟು ಹೊಸದಕ್ಕೆ ತಲುಪುವ ಮಧ್ಯದಲ್ಲಿ ಕರೆಂಟ್ ಹೋದರೆ ಎರಡೂ ಕಡೆ ಇಲ್ಲದಂತಾಗಬಹುದು. ಎರಡೂ ಪಿಸಿ ಯುಪಿಎಸ್ ಮೇಲಿರಲಿ.

ಕ್ರಮ ಹೀಗೆ:

1. ಹಳೆಯ ಪಿಸಿಯಲ್ಲಿ ಲೈಸೆನ್ಸ್ ಮ್ಯಾನೇಜರ್ ತೆರೆದು ಎಲ್ಲ ಸಾಲುಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ಒಂದೇ ಪಿಸಿಯಲ್ಲಿ ಎರಡು ಮೂರು ಕಂಪನಿಗಳ ಲೈಸೆನ್ಸ್ ಇರುತ್ತವೆ. ಒಂದನ್ನು ನೋಡಿ ಎದ್ದುಹೋಗಬೇಡಿ.

2. ಪಿಎಲ್‌ಸಿ, ಎಚ್‌ಎಂಐ ಪ್ರಾಜೆಕ್ಟ್ ಫೈಲುಗಳ ಬ್ಯಾಕಪ್ ತೆಗೆಯಿರಿ. ಇದು ಲೈಸೆನ್ಸ್ ವಿಷಯವಲ್ಲ, ಆದರೂ ಇಲ್ಲೇ ಹೇಳಬೇಕು. ಲೈಸೆನ್ಸ್ ಹೋದರೆ ಮತ್ತೆ ಕೊಳ್ಳಬಹುದು.

3. ಹಳೆಯ ಪಿಸಿಯಿಂದ ಲೈಸೆನ್ಸ್ ಬಿಡಿಸಿ. ಸೀಮೆನ್ಸ್ ಆದರೆ ಯುಎಸ್‌ಬಿ ಸ್ಟಿಕ್‌ಗೋ ಲೈಸೆನ್ಸ್ ಸರ್ವರಿಗೋ ವಾಪಸ್ ವರ್ಗಾಯಿಸಿ. ರಾಕ್‌ವೆಲ್ ಆದರೆ ರೀಹೋಸ್ಟ್ ಮಾಡಿ, ಅಂದರೆ ಆ್ಯಕ್ಟಿವೇಶನ್ ಹಿಂದಿರುಗಿಸಿ ಬೇರೆ ಹೋಸ್ಟ್‌ಗೆ ಕಟ್ಟುವುದು. ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಲೈಸೆನ್ಸ್ ಬಿಡುಗಡೆಯಾಯಿತು ಅಂದುಕೊಳ್ಳಬೇಡಿ.

4. ಹೊಸ ಪಿಸಿಯ ಹೆಸರು, ದಿನಾಂಕ, ಸಮಯ, ಟೈಮ್‌ಝೋನ್ ಮೊದಲು ಸರಿಮಾಡಿ, ವಿಂಡೋಸ್ ಅಪ್‌ಡೇಟ್ ಮುಗಿಸಿ. ಆಮೇಲೆ ಲೈಸೆನ್ಸ್ ಹಾಕಿ. ಉಲ್ಟಾ ಮಾಡಬೇಡಿ.

5. ಯಂತ್ರಕ್ಕೆ ಜೋಡಿಸಿ ಒಂದು ಪೂರ್ತಿ ಶಿಫ್ಟ್ ಓಡಿಸಿ ನೋಡಿ. ಗ್ರೇಸ್ ಪೀರಿಯಡ್, ಅಂದರೆ ಲೈಸೆನ್ಸ್ ಇಲ್ಲದೆಯೂ ಕೆಲ ದಿನ ಓಡಲು ಬಿಡುವ ಸೌಲಭ್ಯ, ಇರುವ ಸಾಫ್ಟ್‌ವೇರ್‌ಗಳು ಮೊದಲ ದಿನ ಏನೂ ಹೇಳುವುದಿಲ್ಲ. ಪರದೆಯ ಮೂಲೆಯ ಚಿಕ್ಕ ಎಚ್ಚರಿಕೆ ಓದಿ.

6. ಹಳೆಯ ಡಿಸ್ಕನ್ನು ಬಿಚ್ಚಿ, ಹೆಸರು ಬರೆದು ಸ್ಟೋರ್ಸ್‌ನಲ್ಲಿಡಿ. ಕೆಲವು ತಿಂಗಳಾದರೂ ಗುಜರಿಗೆ ಹಾಕಬೇಡಿ.

ಇಂಟರ್‌ನೆಟ್ ಇಲ್ಲದ ಪಿಸಿಗೆ ಆಫ್‌ಲೈನ್ ದಾರಿ ಇದೆ. ಆ ಪಿಸಿಯಲ್ಲಿ ಒಂದು ರಿಕ್ವೆಸ್ಟ್ ಫೈಲ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಆಫೀಸಿನ ಪಿಸಿಗೆ ತಂದು, ಕಂಪನಿಯ ವೆಬ್‌ಸೈಟಿಗೆ ಕೊಟ್ಟು, ಬಂದ ಉತ್ತರದ ಫೈಲನ್ನು ವಾಪಸ್ ಅದೇ ಪಿಸಿಗೆ ಹಾಕಬೇಕು. “ಅದೇ ಪಿಸಿ” ಎಂಬುದಕ್ಕೆ ಗಮನ ಕೊಡಿ. ಎರಡು ಪಿಸಿಗೆ ಒಟ್ಟಿಗೆ ಮಾಡುವಾಗ ಫೈಲುಗಳು ಅದಲುಬದಲಾಗುವುದು ತೀರಾ ಸಾಮಾನ್ಯ. ಫೈಲ್ ಹೆಸರಿನಲ್ಲೇ ಅಸೆಟ್ ನಂಬರ್ ಸೇರಿಸಿ.

ಎಚ್‌ಎಂಐ ಪ್ಯಾನೆಲ್‌ಗಳಲ್ಲೂ ಲೈಸೆನ್ಸ್ ಕೂತಿರಬಹುದು. ಫರ್ಮ್‌ವೇರ್ ಹೊಸದು ಹಾಕುವ ಅಥವಾ ಫ್ಯಾಕ್ಟರಿ ರೀಸೆಟ್ ಒತ್ತುವ ಮುಂಚೆ ಅದನ್ನು ಹೊರಗೆ ವರ್ಗಾಯಿಸಿಕೊಳ್ಳಿ.

ಒಂದು ವಿಚಿತ್ರ ತೊಂದರೆ ಹೇಳಿ ಈ ಹಂತ ಮುಗಿಸುತ್ತೇನೆ. ದೀಪಾವಳಿ ರಜೆ ಮುಗಿಸಿ ಬಂದು ಮೇನ್ ಸ್ವಿಚ್ ಹಾಕುತ್ತೀರಿ. ಸ್ಕಾಡಾ ಪಿಸಿ ಬೂಟ್ ಆಗುತ್ತದೆ, ಲೈಸೆನ್ಸ್ ಸರಿಯಿಲ್ಲ ಎನ್ನುತ್ತದೆ. ಯಾರೂ ಮುಟ್ಟಿಲ್ಲ. ಪರದೆಯ ಬಲಗೆಳಗಿನ ದಿನಾಂಕ ನೋಡಿ. ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿರುತ್ತದೆ. ಮದರ್‌ಬೋರ್ಡ್ ಮೇಲಿನ ಸಿಆರ್2032 ನಾಣ್ಯದಾಕಾರದ ಬ್ಯಾಟರಿ ಸತ್ತಿದೆ, ರಜೆಯಲ್ಲಿ ಕರೆಂಟ್ ಇಲ್ಲದೆ ಗಡಿಯಾರ ಹಿಂದಕ್ಕೆ ಹೋಗಿದೆ. ಅವಧಿ ತಪ್ಪಿಸಲು ಯಾರೋ ಗಡಿಯಾರ ತಿರುಗಿಸಿದ್ದಾರೆಂದು ಲೈಸೆನ್ಸ್ ಅನುಮಾನಪಡುತ್ತದೆ. ಬ್ಯಾಟರಿ ಬದಲಿಸಿ, ದಿನಾಂಕ ಸರಿಮಾಡಿ, ರೀಸ್ಟಾರ್ಟ್ ಮಾಡಿ. ಹೊಸ ಲೈಸೆನ್ಸ್ ಕೊಟೇಶನ್ ತರಿಸುವ ಮುಂಚೆ ಇದನ್ನು ನೋಡಿ, ದಯವಿಟ್ಟು.

ಹಂತ 5: ಡಾಂಗಲ್

ಡಾಂಗಲ್ ಕಳೆದರೆ ಹೆಚ್ಚಿನ ಕಂಪನಿಗಳು ಹೊಸ ಲೈಸೆನ್ಸ್ ಬೆಲೆಯನ್ನೇ ಕೇಳುತ್ತವೆ. ಕೆಟ್ಟರೆ ಮಾತ್ರ, ಕೆಟ್ಟ ತುಂಡನ್ನು ವಾಪಸ್ ಕೊಟ್ಟು ಬದಲಿ ಪಡೆಯಬಹುದು. ಪಿಸಿ ಹೊರಗಿನ ಪೋರ್ಟಿಗೆ ಚುಚ್ಚಿಟ್ಟರೆ ಯಾರದ್ದೋ ಫೋನ್ ಚಾರ್ಜಿಗೆ ಜಾಗವಿಲ್ಲವೆಂದು ಅದನ್ನು ಕೀಳುತ್ತಾರೆ. ಬೀಗವಿರುವ ಪ್ಯಾನೆಲ್ ಒಳಗಿನ ಪೋರ್ಟಿಗೆ ಹಾಕಿ, ಅಸೆಟ್ ಟ್ಯಾಗ್ ಕಟ್ಟಿ. ಹೊರಗೆ ಹೋಗಲೇಬೇಕಾದರೆ ರಿಟರ್ನಬಲ್ ಗೇಟ್ ಪಾಸ್ ಮೇಲೆಯೇ ಹೋಗಲಿ, “ಯುಎಸ್‌ಬಿ – 1” ಎಂದಲ್ಲ, ಬೆಲೆಯ ಸಮೇತ ಬರೆಸಿ. ಆಗ ಸೆಕ್ಯುರಿಟಿಯವರೂ ಕೇಳುತ್ತಾರೆ, ಒಯ್ದವರಿಗೂ ನೆನಪಿರುತ್ತದೆ.

ಪೆನ್‌ಡ್ರೈವ್ ತಡೆಯಲು ಐಟಿಯವರು ಯುಎಸ್‌ಬಿ ನಿರ್ಬಂಧ ಹಾಕಿದ ಮರುದಿನ ಡಾಂಗಲ್ ಕಾಣದೆ ಹೋಗುವುದುಂಟು. ವಿನಾಯಿತಿ ಪಟ್ಟಿಗೆ ಮೊದಲೇ ಸೇರಿಸಿಸಿ. ಕೋಡ್‌ಮೀಟರ್ ಎಂಬ ಬಗೆಯ ಡಾಂಗಲನ್ನು ನೆಟ್‌ವರ್ಕ್ ಮೂಲಕ ಹಂಚಿಕೊಂಡಿದ್ದರೆ 22350 ನಂಬರಿನ ನೆಟ್‌ವರ್ಕ್ ಪೋರ್ಟ್ ಫೈರ್‌ವಾಲ್‌ನಲ್ಲಿ ತೆರೆದಿರಬೇಕು.

ಹಂತ 6: ಫ್ಲೋಟಿಂಗ್ ಲೈಸೆನ್ಸ್ ಸರ್ವರ್

ಫ್ಲೋಟಿಂಗ್ ಎಂದರೆ ಪಿಜಿಯಲ್ಲಿ ಐದು ಹುಡುಗರಿಗೆ ಎರಡು ಬೈಕ್ ಇದ್ದ ಹಾಗೆ: ಮೊದಲು ಕೀ ತೆಗೆದುಕೊಂಡವರದ್ದು, ಉಳಿದವರು ಕಾಯಬೇಕು. ಲೈಸೆನ್ಸ್‌ಗಳು ಒಂದು ಸರ್ವರಿನಲ್ಲಿರುತ್ತವೆ, ಸಾಫ್ಟ್‌ವೇರ್ ತೆರೆದಾಗ ಒಂದು ಹೊರಗೆ ಬರುತ್ತದೆ, ಮುಚ್ಚಿದಾಗ ವಾಪಸ್ ಹೋಗುತ್ತದೆ. ಮಧ್ಯಾಹ್ನ ಊಟಕ್ಕೆ ಹೋಗುವಾಗ ತೆರೆದಿಟ್ಟು ಹೋದವನೇ ಹೆಚ್ಚಿನ ಜಗಳಕ್ಕೆ ಕಾರಣ. ನಿಷ್ಕ್ರಿಯವಾಗಿದ್ದರೆ ಇಷ್ಟು ಹೊತ್ತಿಗೆ ವಾಪಸ್ ತೆಗೆದುಕೊಳ್ಳು ಎಂಬ ಸೆಟ್ಟಿಂಗ್ ಹಲವು ಸರ್ವರ್‌ಗಳಲ್ಲಿದೆ, ಹಾಕಿಸಿ.

ಫ್ಲೆಕ್ಸ್‌ನೆಟ್ ಎಂಬ ಲೈಸೆನ್ಸ್ ಸಾಫ್ಟ್‌ವೇರ್ ಆಧಾರಿತ ಸರ್ವರ್‌ಗಳು ಸಾಮಾನ್ಯವಾಗಿ 27000ರಿಂದ 27009ರವರೆಗಿನ ಪೋರ್ಟ್ ಬಳಸುತ್ತವೆ. ಅದರ ಜೊತೆ ಕಂಪನಿಯದ್ದೇ ಆದ ಇನ್ನೊಂದು ಪ್ರೋಗ್ರಾಂ ಬೇರೊಂದು ಪೋರ್ಟ್ ಹಿಡಿಯುತ್ತದೆ, ಅದನ್ನು ನಿಗದಿ ಮಾಡದಿದ್ದರೆ ಪ್ರತಿ ರೀಸ್ಟಾರ್ಟ್‌ಗೂ ಬದಲಾಗಬಹುದು. ನಿನ್ನೆಯವರೆಗೆ ಸರಿಯಿತ್ತು, ಇವತ್ತು ಬರುತ್ತಿಲ್ಲ ಎನ್ನುವ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ. ಸೀಮೆನ್ಸ್‌ನ ಲೈಸೆನ್ಸ್ ಮ್ಯಾನೇಜರಿಗೆ ಬೇಕಾದ ಪೋರ್ಟ್ 4410.

ಸೈಟಿಗೆ ಹೋಗುವವರು ಲೈಸೆನ್ಸ್ ಎರವಲು ಒಯ್ಯಬಹುದು. ಸಾಣಂದ್‌ಗೋ ಹೊಸೂರಿಗೋ ಒಂದು ವಾರಕ್ಕೆ ಹೋಗುವವನು ಮೂರು ತಿಂಗಳಿಗೆ ಎರವಲು ಹಾಕಿಕೊಂಡರೆ, ಆ ಲ್ಯಾಪ್‌ಟಾಪ್ ಅಲ್ಲೇ ಕೆಟ್ಟರೆ, ಅವಧಿ ಮುಗಿಯುವವರೆಗೆ ಆ ಲೈಸೆನ್ಸ್ ಯಾರಿಗೂ ಇಲ್ಲ. ಗರಿಷ್ಠ ಅವಧಿಯನ್ನು ಸರ್ವರಿನಲ್ಲೇ ಬಿಗಿಮಾಡಿ.

ಇನ್ನೊಂದು ಲೈಸೆನ್ಸ್ ಬೇಕು ಎಂದು ಮ್ಯಾನೇಜರ್ ಮುಂದೆ ಹೋಗುವ ಮುಂಚೆ ಸರ್ವರಿನ ಲಾಗ್ ತೆಗೆದು ಒಮ್ಮೆಲೇ ಎಷ್ಟು ಜನ ಬಳಸಿದ್ದಾರೆ ನೋಡಿ. ಮೂರೂ ಶಿಫ್ಟ್ ಸೇರಿಸಿ ಎಂಟು ಜನ ಇರಬಹುದು, ಒಂದೇ ಹೊತ್ತಿಗೆ ಮೂವರಿಗಿಂತ ಹೆಚ್ಚು ಇಲ್ಲದಿರಬಹುದು.

ಹಂತ 7: ಆಫೀಸಿನ ಬಾಟ್‌ಗಳು

ಈಗ ಅಕೌಂಟ್ಸ್, ಡಿಸ್ಪ್ಯಾಚ್ ವಿಭಾಗಗಳಲ್ಲೂ ರೋಬೋಟ್ ಬಂದಿವೆ. ಕೈಕಾಲಿಲ್ಲದವು. ಆರ್‌ಪಿಎ ಎಂದರೆ ಮನುಷ್ಯ ಪರದೆಯ ಮೇಲೆ ಮಾಡುವ ಕ್ಲಿಕ್, ಟೈಪಿಂಗ್ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಂ. ಹಿಂಜೇವಾಡಿಯಲ್ಲಿ ಇದನ್ನೇ ಮಾಡುವ ನಮ್ಮ ಹುಡುಗಿಯರು, ಹುಡುಗರು ತುಂಬ ಇದ್ದಾರೆ, ಅವರಿಗೆ ಈ ಭಾಗ.

ಯುಐಪಾತ್ ಎಂಬ ಆರ್‌ಪಿಎ ಸಾಫ್ಟ್‌ವೇರಿನಲ್ಲಿ ಅಟೆಂಡೆಡ್ ಎಂದರೆ ಮನುಷ್ಯ ಪಕ್ಕದಲ್ಲಿ ಕೂತು ಓಡಿಸುವುದು, ಲೈಸೆನ್ಸ್ ಸಾಮಾನ್ಯವಾಗಿ ಆ ವ್ಯಕ್ತಿಗೆ. ಅನ್‌ಅಟೆಂಡೆಡ್ ಎಂದರೆ ರಾತ್ರಿ ಯಾರೂ ಇಲ್ಲದೆ ಸರ್ವರಿನಲ್ಲಿ ಓಡುವುದು, ಲೈಸೆನ್ಸ್ ಯಂತ್ರದ ಮೇಲಿನ ರನ್‌ಟೈಮ್‌ಗೆ. ಒಂದು ರನ್‌ಟೈಮ್‌ಗೆ ಒಂದು ಹೊತ್ತಿಗೆ ಒಂದೇ ಕೆಲಸ. ಆರ್ಕೆಸ್ಟ್ರೇಟರ್ ಎಂಬ ನಿಯಂತ್ರಣ ಫಲಕದಲ್ಲಿ ಮೆಷಿನ್ ಟೆಂಪ್ಲೇಟ್‌ಗೆ ಎಷ್ಟು ರನ್‌ಟೈಮ್ ಎಂದು ಬರೆಯುತ್ತೀರಿ. ಆ ಸಂಖ್ಯೆ ಟೆಂಪ್ಲೇಟಿಗಲ್ಲ, ಅದರ ಮೂಲಕ ಜೋಡಿಕೊಳ್ಳುವ ಪ್ರತಿ ಯಂತ್ರಕ್ಕೆ. ಎರಡು ಎಂದು ಬರೆದು ಮೂರು ಸರ್ವರ್ ಜೋಡಿಸಿದರೆ ಆರು ಹೋದವು. ಲೈಸೆನ್ಸ್ ಸಾಲುತ್ತಿಲ್ಲ, ಜಾಬ್ ಪೆಂಡಿಂಗ್‌ನಲ್ಲೇ ಇದೆ ಎನ್ನುವವರು ಮೊದಲು ಈ ಲೆಕ್ಕ ನೋಡಿ. ಆಮೇಲೆ, ಬಳಸದ ಪರೀಕ್ಷಾ ಯಂತ್ರ ಇನ್ನೂ ಜೋಡಿಕೊಂಡಿದೆಯೇ ನೋಡಿ. ಪರೀಕ್ಷೆಗೆ ನಾನ್-ಪ್ರೊಡಕ್ಷನ್ ರನ್‌ಟೈಮ್ ಬೇರೆಯೇ ಇದೆ, ನಿಜ ಕೆಲಸದ ರನ್‌ಟೈಮನ್ನು ಅಲ್ಲಿ ಖರ್ಚು ಮಾಡಬೇಡಿ.

ಬಾಟ್‌ನ ಲೈಸೆನ್ಸ್ ಇದ್ದರೆ ಸಾಲದು, ಅದು ಮುಟ್ಟುವ ಪ್ರತಿ ಸಾಫ್ಟ್‌ವೇರಿಗೂ ಇರಬೇಕು. ವಿಂಡೋಸ್ ಸರ್ವರಿನಲ್ಲಿ ಆಡಳಿತದ ಕೆಲಸಕ್ಕೆ ಎರಡು ರಿಮೋಟ್ ಸೆಷನ್ ಬಿಟ್ಟರೆ ಉಳಿದದ್ದಕ್ಕೆ ಆರ್‌ಡಿಎಸ್ ಕ್ಯಾಲ್ ಎಂಬ ಪ್ರತ್ಯೇಕ ಲೈಸೆನ್ಸ್ ಬೇಕು. ಆರ್‌ಡಿಎಸ್, ಅಂದರೆ ರಿಮೋಟ್ ಸೆಷನ್ ಕೊಡುವ ಸೇವೆ, ಹಾಕಿದ ದಿನದಿಂದ 120 ದಿನ ಏನೂ ಕೇಳುವುದಿಲ್ಲ. ನಾಲ್ಕು ತಿಂಗಳು ಸುಸೂತ್ರವಾಗಿ ಓಡಿದ ಬಾಟ್‌ಗಳು ಒಂದು ರಾತ್ರಿ ಎಲ್ಲವೂ ಒಟ್ಟಿಗೆ ನಿಂತರೆ, ಕೋಡ್‌ನಲ್ಲಿ ಬಗ್ ಹುಡುಕುವ ಮೊದಲು ಇದನ್ನು ನೋಡಿ. ಬಾಟ್ ಎಕ್ಸೆಲ್, ಔಟ್‌ಲುಕ್ ತೆರೆಯುವುದಾದರೆ ಮೈಕ್ರೋಸಾಫ್ಟ್ 365ರಲ್ಲಿ ಅನ್‌ಅಟೆಂಡೆಡ್ ಬಳಕೆಗೆಂದೇ ಲೈಸೆನ್ಸ್ ಇದೆ.

ಕಂಪನಿಯ ಲೆಕ್ಕ, ಸ್ಟಾಕ್, ಉತ್ಪಾದನೆ ನೋಡಿಕೊಳ್ಳುವ ಎಸ್‌ಎಪಿ ಸಾಫ್ಟ್‌ವೇರಿಗೆ ಬರೆಯುವ ಬಾಟ್ ಅಥವಾ ಯಂತ್ರ ಇದ್ದರೆ ಇನ್ನೂ ಜಾಗರೂಕತೆ ಬೇಕು. ಮನುಷ್ಯ ನೇರವಾಗಿ ಲಾಗಿನ್ ಆಗದೆ ಬೇರೆ ಸಾಫ್ಟ್‌ವೇರ್ ಮೂಲಕ ಒಳಗೆ ಹೋಗುವುದನ್ನು ಇಂಡೈರೆಕ್ಟ್ ಆ್ಯಕ್ಸೆಸ್ ಎನ್ನುತ್ತಾರೆ. 2017ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಡಿಯಾಜಿಯೊ ಕಂಪನಿಯ ಪ್ರಕರಣದಲ್ಲಿ ಇಂಥ ಬಳಕೆಗೂ ಲೈಸೆನ್ಸ್ ಶುಲ್ಕ ಕೊಡಬೇಕೆಂದಿತು. ಎಸ್‌ಎಪಿ ಕೇಳಿದ್ದು 5.4 ಕೋಟಿ ಪೌಂಡ್‌ಗೂ ಹೆಚ್ಚು. 2018ರಲ್ಲಿ ಎಸ್‌ಎಪಿ, ಸೃಷ್ಟಿಯಾದ ದಾಖಲೆಗಳ ಸಂಖ್ಯೆಯ ಮೇಲೆ ಶುಲ್ಕ ಲೆಕ್ಕ ಹಾಕುವ ಡಿಜಿಟಲ್ ಆ್ಯಕ್ಸೆಸ್ ಪದ್ಧತಿ ತಂದಿತು. ನಿಮ್ಮ ಪ್ರೆಸ್ ಲೈನ್ ಪ್ರತಿ ಸ್ಟ್ರೋಕ್‌ಗೂ ಎಸ್‌ಎಪಿಯಲ್ಲಿ ಒಂದು ದಾಖಲೆ ಮಾಡುವ ಹಾಗೆ ಬರೆದುಕೊಡಿ ಎಂದು ಯಾರಾದರೂ ಹೇಳಿದರೆ, ಮೊದಲು ಎಸ್‌ಎಪಿ ನೋಡಿಕೊಳ್ಳುವವರನ್ನು ಕೇಳಿ.

ಹಂತ 8: ನವೀಕರಣ

ಮುಗಿಯುವ ದಿನಾಂಕಕ್ಕೆ 90 ದಿನ ಮುಂಚೆ ಕ್ಯಾಲೆಂಡರಿನಲ್ಲಿ ನೆನಪೋಲೆ ಹಾಕಿ. ಕೊಟೇಶನ್, ಒಪ್ಪಿಗೆ, ಪಿಓ, ಪಾವತಿ ಎಲ್ಲ ಆಗಲು ಅಷ್ಟು ಬೇಕು. ಮಾರ್ಚ್ 31ಕ್ಕೆ ಮುಗಿಯುವ ಲೈಸೆನ್ಸ್ ಇಟ್ಟುಕೊಳ್ಳಬೇಡಿ, ಆ ವಾರ ಅಕೌಂಟ್ಸ್‌ನವರು ನಿಮ್ಮ ಮುಖ ನೋಡುವುದಿಲ್ಲ. ಗಣಪತಿ, ದೀಪಾವಳಿ ಆಸುಪಾಸಿನ ದಿನಾಂಕಗಳೂ ಬೇಡ. ಕೇಳಿದರೆ ಕಂಪನಿಗಳು ಅವಧಿಯನ್ನು ಹೊಂದಿಸಿ ಒಂದೇ ತಾರೀಖಿಗೆ ತಂದುಕೊಡುತ್ತವೆ.

ಶಾಶ್ವತ ಲೈಸೆನ್ಸ್‌ಗೆ ಪ್ರತಿ ವರ್ಷದ ಎಎಂಸಿ, ಅಂದರೆ ಅಪ್‌ಡೇಟ್ ಮತ್ತು ಸಹಾಯದ ಒಪ್ಪಂದ, ಕಡ್ಡಾಯವಲ್ಲ. ಹತ್ತು ವರ್ಷದಿಂದ ಬದಲಾಗದ ಯಂತ್ರಕ್ಕೆ ಅದು ದಂಡ ಎಂದೇ ನನ್ನ ಅಭಿಪ್ರಾಯ. ಸಬ್‌ಸ್ಕ್ರಿಪ್ಷನ್ ಬೇರೆ ವಿಷಯ, ನಿಲ್ಲಿಸಿದರೆ ಸಾಫ್ಟ್‌ವೇರೂ ನಿಲ್ಲುತ್ತದೆ. ರನ್‌ಟೈಮ್‌ಗೆ ಸಾಧ್ಯವಾದಷ್ಟೂ ಶಾಶ್ವತವನ್ನೇ ಕೊಳ್ಳಿ.

ಸಾಫ್ಟ್‌ವೇರಿಗೆ ಜಿಎಸ್‌ಟಿ 18%. ವಿದೇಶಿ ವೆಬ್‌ಸೈಟಿನಿಂದ ಕಾರ್ಡ್ ಮೂಲಕ ನೇರವಾಗಿ ಕೊಂಡರೆ ರಿವರ್ಸ್ ಚಾರ್ಜ್ ಬರಬಹುದು, ಅಂದರೆ ತೆರಿಗೆ ಕಟ್ಟುವ ಹೊಣೆ ಕೊಂಡ ನಿಮ್ಮ ಕಂಪನಿಯದ್ದು. ಬಿಲ್ಲನ್ನು ಅಕೌಂಟ್ಸ್‌ಗೆ ಅದೇ ತಿಂಗಳು ತಲುಪಿಸಿ.

ಹಂತ 9: ಆಡಿಟ್ ಪತ್ರ ಬಂದರೆ

ಸಾಫ್ಟ್‌ವೇರ್ ಕಂಪನಿಯಿಂದ ಅಥವಾ ಅವರ ವಕೀಲರಿಂದ ಪತ್ರ ಬಂದರೆ ಮೇಂಟೆನನ್ಸ್‌ನಿಂದ ನೀವೇ ಉತ್ತರ ಬರೆಯಬೇಡಿ, ಫೋನಿನಲ್ಲಿ ಸಂಖ್ಯೆಗಳನ್ನು ಹೇಳಬೇಡಿ. ಪ್ಲಾಂಟ್ ಹೆಡ್ ಮತ್ತು ಕಂಪನಿಯ ಕಾನೂನು ಸಲಹೆಗಾರರಿಗೆ ಕೊಡಿ. ಹೆದರಿ ರಾತ್ರೋರಾತ್ರಿ ಅನ್‌ಇನ್‌ಸ್ಟಾಲ್ ಮಾಡುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಅಳಿಸಿದ ಗುರುತು ಉಳಿಯುತ್ತದೆ, ಸಾಕ್ಷ್ಯ ನಾಶದಂತೆ ಕಾಣುತ್ತದೆ. ಹಂತ 1ರ ಹಾಳೆ, ಇನ್‌ವಾಯ್ಸ್‌ಗಳು, ಸರ್ಟಿಫಿಕೇಟ್‌ಗಳು ಒಂದು ಕಡೆ ಇದ್ದರೆ ಅರ್ಧ ಕೆಲಸ ಆಯಿತು.

ಪೈರೇಟೆಡ್ ಸಾಫ್ಟ್‌ವೇರ್ ಎಂದು ಗೊತ್ತಿದ್ದೂ ಬಳಸುವುದು 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಅಪರಾಧ: ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. “ಸಾಹೇಬ್ರು ಹೇಳಿದ್ರು, ನಾ ಹಾಕಿದೆ” ಎಂಬ ಮಾತು ನಿಮ್ಮನ್ನು ಕಾಪಾಡುತ್ತದೆಂದು ನಂಬಬೇಡಿ. ಕ್ರ್ಯಾಕ್, ಅಂದರೆ ಲೈಸೆನ್ಸ್ ತಪಾಸಣೆ ಮುರಿಯುವ ಪ್ರೋಗ್ರಾಂ, ಹಾಕಿಕೊಡು ಎಂದು ಯಾರಾದರೂ ಹೇಳಿದರೆ, ಇಮೇಲ್‌ನಲ್ಲಿ ಬರೆದು ಕೊಡಿ ಎನ್ನಿ; ಸಾಮಾನ್ಯವಾಗಿ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಕಾನೂನು ಬಿಟ್ಟರೂ ಅದರಲ್ಲಿ ಬೇರೆ ಅಪಾಯವಿದೆ. ಪಿಎಲ್‌ಸಿ ಪಾಸ್‌ವರ್ಡ್ ಮುರಿಯುತ್ತೇವೆಂದು ಮಾರುವ ಟೂಲ್ ಒಂದನ್ನು 2022ರಲ್ಲಿ ಡ್ರಾಗೋಸ್ ಎಂಬ ಭದ್ರತಾ ಕಂಪನಿ ಬಿಚ್ಚಿ ನೋಡಿತು. ಅದು ಪಾಸ್‌ವರ್ಡ್ ಕೊಡುವುದು ನಿಜ, ಜೊತೆಗೆ ಪಿಸಿಗೆ ಸ್ಯಾಲಿಟಿ ಎಂಬ ಮಾಲ್‌ವೇರನ್ನೂ ಸೇರಿಸುತ್ತಿತ್ತು. ಆ ಲ್ಯಾಪ್‌ಟಾಪನ್ನೇ ಮರುದಿನ ಎಲ್ಲ ಲೈನುಗಳಿಗೂ ಚುಚ್ಚುತ್ತೀರಿ. ಕ್ರ್ಯಾಕ್ ಹಾಕಿದ ಲ್ಯಾಪ್‌ಟಾಪ್ ಈಗಾಗಲೇ ನಿಮ್ಮಲ್ಲಿದ್ದರೆ ಅದನ್ನು ಇವತ್ತಿನಿಂದಲೇ ಯಾವ ಪಿಎಲ್‌ಸಿಗೂ ಜೋಡಿಸಬೇಡಿ. ಅದರಲ್ಲಿರುವ ಪ್ರಾಜೆಕ್ಟ್ ಫೈಲುಗಳನ್ನು ಬೇರೆ ಪಿಸಿಯಲ್ಲಿ ಸ್ಕ್ಯಾನ್ ಮಾಡಿ ಹೊರತೆಗೆಯಿರಿ, ಮತ್ತು ಒಂದೇ ಒಂದು ಎಂಜಿನಿಯರಿಂಗ್ ಲೈಸೆನ್ಸ್‌ಗಾದರೂ ಕೊಟೇಶನ್ ತರಿಸಿ.